ಆದೇಶವೇ ಇಲ್ಲದ ಏಟು: ಚೀನಾ ವ್ಯಾಪಾರದಿಂದ ಒತ್ತಡ ಹಾಕೋದು ಹೆಂಗೆ?

ಓದುಗರ ಪ್ರಶ್ನೆ: ಪೀಣ್ಯದಲ್ಲಿ ನಂದೊಂದು ಸಣ್ಣ ಯುನಿಟ್ ಇದೆ, ಎಲೆಕ್ಟ್ರಿಕ್ ಸ್ಕೂಟರ್ ಮೋಟಾರಿಗೆ ರೋಟರ್ ಅಸೆಂಬ್ಲಿ ಮಾಡ್ಕೊಡ್ತೀವಿ. 2025ರಲ್ಲಿ ಚೀನಾದಿಂದ ಮ್ಯಾಗ್ನೆಟ್ ಬರೋದು ನಿಂತಾಗ ತಿಂಗಳುಗಟ್ಟಲೆ ಒದ್ದಾಡಿದ್ವಿ. ನಾವು ಅವರಿಗೆ ಏನು ಮಾಡಿದ್ವಿ? ಕೊರಿಯಾ, ಆಸ್ಟ್ರೇಲಿಯಾದವ್ರಿಗೂ ಹಿಂಗೇ ಮಾಡಿದ್ರು ಅಂತ ಓದಿದೀನಿ. ಇದಕ್ಕೆ ಅಂತಾರಾಷ್ಟ್ರೀಯ ಕಾನೂನು ಅಂತ ಏನೂ ಇಲ್ವಾ? ನಮ್ಮಂಥ ಚಿಕ್ಕೋರು ಏನು ಮಾಡ್ಬೋದು?

ಉತ್ತರ: ಮೊದಲು ನಿಮ್ಮ ಮ್ಯಾಗ್ನೆಟ್ ವಿಷಯಕ್ಕೇ ಬರ್ತೀನಿ, ಯಾಕಂದ್ರೆ ಅದು ಕೊರಿಯಾ, ಆಸ್ಟ್ರೇಲಿಯಾ ಕಥೆಗಿಂತ ಸ್ವಲ್ಪ ಬೇರೆ. 2025ರ ಏಪ್ರಿಲ್ 4ರಂದು ಚೀನಾ ರೇರ್ ಅರ್ಥ್ ಅನ್ನೋ ಗುಂಪಿನ ಏಳು ಲೋಹಗಳಿಗೆ, ಅವನ್ನ ಹಾಕಿ ಮಾಡಿದ ಮ್ಯಾಗ್ನೆಟ್‌ಗಳಿಗೆ ರಫ್ತು ಲೈಸೆನ್ಸ್ ಕಡ್ಡಾಯ ಮಾಡ್ತು. ನಿಮ್ಮ ರೋಟರ್‌ಗೆ ಕೂರಿಸೋ ಮ್ಯಾಗ್ನೆಟ್‌ನ ಮುಖ್ಯ ಲೋಹ ನಿಯೋಡಿಮಿಯಂ, ಅದು ಆ ಪಟ್ಟೀಲಿ ಇರ್ಲೇ ಇಲ್ಲ. ಆದ್ರೆ ಮೋಟಾರ್ ಕಾದಾಗ ಮ್ಯಾಗ್ನೆಟ್ ಶಕ್ತಿ ಕಳ್ಕೋಬಾರ್ದು ಅಂತ ಅದಕ್ಕೆ ಒಂಚೂರು ಡಿಸ್ಪ್ರೋಸಿಯಂ ಇಲ್ಲ ಟರ್ಬಿಯಂ ಬೆರೆಸಿರ್ತಾರಲ್ಲ, ಅವೆರಡೂ ಪಟ್ಟೀಲಿದ್ವು. ಸಾರಿಗೆ ಹಾಕೋ ಉಪ್ಪು ಹಿಡ್ಕೊಂಡು ಇಡೀ ಊಟ ನಿಲ್ಲಿಸಿದಂಗೆ. ಮೊದಲ ಕೆಲವು ತಿಂಗಳು ಚೀನಾದ ಕಸ್ಟಮ್ಸ್‌ನೋರು ಆ ಲೋಹ ಇಲ್ಲದ ಮ್ಯಾಗ್ನೆಟ್ಟನ್ನೂ ಟೆಸ್ಟಿಂಗ್ ಅಂತ ಹಿಡಿದಿಟ್ಕೊಂಡ್ರು. ಪ್ರಪಂಚದ ರೇರ್ ಅರ್ಥ್ ಮ್ಯಾಗ್ನೆಟ್‌ನಲ್ಲಿ ಹೆಚ್ಚೂಕಮ್ಮಿ ನೂರಕ್ಕೆ 90 ಪಾಲು ಅಲ್ಲೇ ತಯಾರಾಗೋದು, ಹಂಗಾಗಿ ಬೇರೆ ಕಡೆಯಿಂದ ತರಿಸ್ಕೊಳ್ತೀನಿ ಅನ್ನೋಕೂ ದಾರಿ ಇರ್ಲಿಲ್ಲ.

ನೀವು ಕೇಳಿದ್ದು ನಾವೇನು ಮಾಡಿದ್ವಿ ಅಂತ. ಏನೂ ಮಾಡಿರ್ಲಿಲ್ಲ. ಏಪ್ರಿಲ್ 2ಕ್ಕೆ ಟ್ರಂಪ್ ಹೊಸ ಸುಂಕ ಘೋಷಿಸಿದ್ರು, ಎರಡೇ ದಿನಕ್ಕೆ ಚೀನಾದ ಉತ್ತರ ಇದು. ಎರಡು ಕೋಣ ಗುದ್ದಾಡಿದ್ರೆ ನಡುವಿನ ಗಿಡಕ್ಕೆ ಸಾವು ಅಂತಾರಲ್ಲ, ನೀವು ಆ ಗಿಡ ಆದ್ರಿ. ಈ ಮ್ಯಾಗ್ನೆಟ್ಟನ್ನ ರಕ್ಷಣಾ ಕೆಲಸಕ್ಕೆ ಬಳಸಲ್ಲ ಅಂತ ಎಂಡ್ ಯೂಸರ್ ಸರ್ಟಿಫಿಕೇಟ್ ಬರ್ಕೊಟ್ಟು, ಅದಕ್ಕೆ ನಮ್ಮ ಸರ್ಕಾರದ ಮುದ್ರೆ, ಚೀನಾ ರಾಯಭಾರ ಕಚೇರಿಯ ಮುದ್ರೆ ಎಲ್ಲ ಬಿದ್ದಮೇಲೂ ಅರ್ಜಿಗಳು ಬೀಜಿಂಗ್‌ನಲ್ಲಿ ಕೂತಿದ್ವು. ದೊಡ್ಡೋರೂ ತಪ್ಪಿಸ್ಕೊಳ್ಲಿಲ್ಲ, ಚೇತಕ್ ಎಲೆಕ್ಟ್ರಿಕ್ ಸ್ಕೂಟರ್ ತಯಾರಿಕೆ ಆಗಸ್ಟ್‌ನಲ್ಲಿ ಸೊನ್ನೆಗೂ ಇಳೀಬೋದು ಅಂತ ಬಜಾಜ್ ಬಹಿರಂಗವಾಗೇ ಹೇಳಿತ್ತು.

ಆದ್ರೂ ನಿಮ್ಮ ಕೇಸಲ್ಲಿ ಒಂದು ಆದೇಶ ಅಂತ ಇತ್ತು, ನಂಬರ್ ಇತ್ತು, ತಾರೀಕು ಇತ್ತು. ಇದಕ್ಕಿಂತ ಮುಂಚೆ ನಡೆದ ಬಹಳಷ್ಟು ಪ್ರಕರಣಗಳಲ್ಲಿ ಅದೂ ಇಲ್ಲ. ಕೋಪ ಇರೋದು ಸರ್ಕಾರದ ಮೇಲೆ, ಏಟು ಬೀಳೋದು ಯಾವುದೋ ವ್ಯಾಪಾರಿ ಮೇಲೆ, ಕಾರಣ ಕೇಳಿದ್ರೆ ಹುಳ ಇತ್ತು, ಲೇಬಲ್ ಸರಿ ಇಲ್ಲ, ಫೈರ್ ಸೇಫ್ಟಿ ಇಲ್ಲ ಅನ್ನೋ ಉತ್ತರ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ಗಾದೆ ನಮ್ಮಲ್ಲಿದೆಯಲ್ಲ, ಇಲ್ಲಿ ವ್ಯತ್ಯಾಸ ಏನಂದ್ರೆ ಕೊತ್ತಿ ಕಿರುಚಿಕೊಂಡು ಹೋಗಿ ಅತ್ತೆ ಹತ್ರ ಅಳ್ಲಿ ಅನ್ನೋದೇ ಉದ್ದೇಶ.

ನಾರ್ವೆ ನೋಡಿ. 2010ರ ಅಕ್ಟೋಬರ್‌ನಲ್ಲಿ ಲಿಯು ಶಿಯಾಬೊ ಅನ್ನೋ, ಚೀನಾದ ಜೈಲಲ್ಲಿದ್ದ ಬರಹಗಾರರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕೊಟ್ಟಿದ್ದು ಓಸ್ಲೋದ ನೊಬೆಲ್ ಸಮಿತಿ, ನಾರ್ವೆ ಸರ್ಕಾರ ಅಲ್ಲ. ಆದ್ರೆ ಏಟು ಬಿದ್ದಿದ್ದು ಸಾಲ್ಮನ್ ಮೀನು ಸಾಕೋರ ಮೇಲೆ, ಹೊಸ ತಪಾಸಣೆ ಅಂತ ತಾಜಾ ಮೀನನ್ನ ಬಂದರಲ್ಲೇ ಕಾಯಿಸೋರು. ಮೀನಿಗೆ ಕಾಯೋಕೆ ಎಷ್ಟು ದಿನ ಆಗತ್ತೆ ನೀವೇ ಹೇಳಿ. ಒಂದಿಷ್ಟು ಮೀನು ವಿಯೆಟ್ನಾಂ ಸುತ್ತಿ ಒಳಗೆ ಹೋಗ್ತಿತ್ತು ಅನ್ನೋದೂ ನಿಜ. ಆದ್ರೆ ರಾಜಕೀಯವಾಗಿ ಚೀನಾಗೆ ಬೇಕಾದ್ದು ಸಿಕ್ತು. 2014ರಲ್ಲಿ ದಲೈ ಲಾಮಾ ಓಸ್ಲೋಗೆ ಬಂದಾಗ ಸರ್ಕಾರದೋರು ಭೇಟಿ ಆಗ್ಲಿಲ್ಲ, 2016ರ ಡಿಸೆಂಬರ್‌ನಲ್ಲಿ ಚೀನಾದ ಮುಖ್ಯ ಹಿತಾಸಕ್ತಿಗೆ ಧಕ್ಕೆ ತರೋ ಕೆಲಸಕ್ಕೆ ಬೆಂಬಲ ಕೊಡಲ್ಲ ಅಂತ ಬರ್ಕೊಟ್ಟಮೇಲೇ ಸಂಬಂಧ ಸರಿಹೋಯ್ತು. ಆರು ವರ್ಷ.

ಕೊರಿಯಾದ್ದು ನಾನು ಬಹಳ ಓದಿರೋ ಕೇಸು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಇಡೀ ಆಟ ಇದರಲ್ಲಿ ಕಾಣತ್ತೆ. ಉತ್ತರ ಕೊರಿಯಾದ ಕ್ಷಿಪಣಿ ಹೆದರಿಕೆಗೆ ದಕ್ಷಿಣ ಕೊರಿಯಾ 2016ರಲ್ಲಿ ಅಮೆರಿಕದ ಥಾಡ್ ಅನ್ನೋ ಕ್ಷಿಪಣಿ ತಡೆ ವ್ಯವಸ್ಥೆ ಕೂರಿಸೋಕೆ ಒಪ್ಕೊಂಡ್ತು. ಅದರ ರೇಡಾರ್ ನಮ್ಮ ದೇಶದೊಳಗೂ ಇಣುಕತ್ತೆ ಅಂತ ಚೀನಾ ತಕರಾರು. ಜಾಗ ಬೇಕಿತ್ತು, ಸೊಂಗ್ಜು ಅನ್ನೋ ಕಡೆ ಲೋಟೆ ಕಂಪನಿಯ ಗಾಲ್ಫ್ ಮೈದಾನ ಇತ್ತು, ಸರ್ಕಾರ ಅದನ್ನ ಕೇಳ್ತು, 2017ರ ಫೆಬ್ರವರಿ ಕೊನೇಲಿ ಲೋಟೆ ಬೋರ್ಡು ಬದಲಿ ಜಾಗ ತಗೊಂಡು ಬಿಟ್ಕೊಡ್ತು. ಸರ್ಕಾರ ಕೇಳಿದ್ರೆ ಯಾವ ಕಂಪನಿ ಇಲ್ಲ ಅನ್ನತ್ತೆ? ಅಷ್ಟೇ ಅವರ ತಪ್ಪು. ಚೀನಾದಲ್ಲಿ ಲೋಟೆಗೆ ದೊಡ್ಡ ಸೂಪರ್ ಮಾರ್ಕೆಟ್ ಸರಣಿ ಇತ್ತು, 99 ಲೋಟೆ ಮಾರ್ಟ್ ಇದ್ವು, ಕೆಲವೇ ವಾರದಲ್ಲಿ 80ಕ್ಕೂ ಹೆಚ್ಚು ಅಂಗಡಿ ಮುಚ್ಚಿದ್ವು. ಥಾಡ್‌ಗಾಗಿ ಮುಚ್ಚಿಸ್ತಿದೀವಿ ಅಂತ ಒಬ್ಬ ಅಧಿಕಾರೀನೂ ಹೇಳ್ಲಿಲ್ಲ. ಫೈರ್ ಸೇಫ್ಟಿ ಅಧಿಕಾರಿಗಳು ಬಂದ್ರು, ಕೊರತೆ ಬರೆದ್ರು, ಬೀಗ ಹಾಕಿದ್ರು. ಸರಿಪಡಿಸಿದೀವಿ ಬಂದು ನೋಡಿ ಅಂದ್ರೆ ನೋಡೋಕೆ ಯಾರೂ ಬರಲ್ಲ. ಮುಚ್ಚಿದ ಅಂಗಡಿ ಕೆಲಸಗಾರರಿಗೆ ಅಲ್ಲಿನ ಕಾನೂನು ಪ್ರಕಾರ ಸಂಬಳ ಕೊಡ್ತಾನೇ ಇರ್ಬೇಕು, ಒಳಗೆ ಒಂದು ರೂಪಾಯಿ ವ್ಯಾಪಾರ ಇಲ್ಲ. ಕೊನೆಗೆ 2018ರಲ್ಲಿ ಅಂಗಡಿಗಳನ್ನ ಅಲ್ಲಿನೋರಿಗೇ ಮಾರಿ ಹೊರಟ್ರು.

ಅದೇ 2017ರ ಮಾರ್ಚ್‌ನಲ್ಲಿ ಚೀನಾದ ಟ್ರಾವೆಲ್ ಏಜೆನ್ಸಿಗಳು ಕೊರಿಯಾಕ್ಕೆ ಗ್ರೂಪ್ ಟೂರ್ ಮಾರೋದು ನಿಲ್ಲಿಸಿದ್ವು, ಮೌಖಿಕ ಸೂಚನೆ ಮೇಲೆ, ಕಾಗದ ಇಲ್ಲ. 2016ರಲ್ಲಿ 80 ಲಕ್ಷ ಚೀನೀ ಪ್ರವಾಸಿಗರು ಬಂದಿದ್ರು, 2017ರಲ್ಲಿ ಸುಮಾರು 42 ಲಕ್ಷ. ಸೋಲ್‌ನ ಮ್ಯೊಂಗ್‌ಡಾಂಗ್ ಬೀದೀಲಿ ಕ್ರೀಮು, ಪೌಡರ್ ಮಾರ್ಕೊಂಡು ಇದ್ದೋರಿಗೆ ಕ್ಷಿಪಣಿಗೂ ತಮಗೂ ಏನು ಸಂಬಂಧ ಅಂತ ಅನ್ಸಿರ್ಬೇಕು, ನಿಮಗೆ ಅನ್ಸಿದಂಗೆ.

ಈಗ ಇದರಲ್ಲಿ ಮುಟ್ಟದೇ ಬಿಟ್ಟಿದ್ದು ಏನು ಅಂತ ನೋಡಿ, ನನ್ನ ಪ್ರಕಾರ ಮುಖ್ಯ ಪಾಠ ಅದೇ. ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್‌ನ ಮೆಮೊರಿ ಚಿಪ್ಪಿಗೆ ಒಂದು ಅಡ್ಡಿಯೂ ಬರ್ಲಿಲ್ಲ, ಆ ವರ್ಷ ಕೊರಿಯಾದಿಂದ ಚೀನಾಕ್ಕೆ ಹೋದ ಒಟ್ಟು ರಫ್ತು ಏರ್ತೇ ಹೊರತು ಇಳೀಲಿಲ್ಲ. ಯಾಕಂದ್ರೆ ಆ ಚಿಪ್ಪಿಲ್ಲದೆ ಚೀನಾದ ಫೋನ್ ಫ್ಯಾಕ್ಟರಿಗಳೇ ನಿಲ್ತವೆ. ಸೂಪರ್ ಮಾರ್ಕೆಟ್ ಮುಚ್ಚಿದ್ರೆ ಪಕ್ಕದಲ್ಲಿ ಇನ್ನೊಂದಿದೆ, ಪ್ರವಾಸಕ್ಕೆ ಕೊರಿಯಾ ಬಿಟ್ರೆ ಥಾಯ್ಲೆಂಡ್ ಇದೆ. ತನಗೆ ನೋಯದೇ ಇರೋ ಕಡೆ ಮಾತ್ರ ಹೊಡೆಯೋದು ಚೀನಾದ ಅಭ್ಯಾಸ, ಈ ಒಂದು ಮಾತು ನೆನಪಿಟ್ಕೊಂಡ್ರೆ ಯಾರ ಸರದಿ ಯಾವಾಗ ಬರ್ಬೋದು ಅಂತ ಅರ್ಧಕ್ಕರ್ಧ ನೀವೇ ಊಹಿಸ್ಬೋದು.

ಆಸ್ಟ್ರೇಲಿಯಾದಲ್ಲೂ ಅದೇ. 2020ರ ಏಪ್ರಿಲ್‌ನಲ್ಲಿ ಅಲ್ಲಿನ ವಿದೇಶಾಂಗ ಸಚಿವೆ ಮರೀಸ್ ಪೇನ್ ಕೋವಿಡ್ ಎಲ್ಲಿಂದ ಬಂತು ಅಂತ ಸ್ವತಂತ್ರ ತನಿಖೆ ಆಗ್ಲಿ ಅಂದ್ರು. ಕೆಲವೇ ದಿನಕ್ಕೆ ಚೀನಾ ರಾಯಭಾರಿ ಒಂದು ಪತ್ರಿಕೆಗೆ ಮಾತಾಡ್ತಾ ನಮ್ಮ ಜನ ಆಸ್ಟ್ರೇಲಿಯಾದ ವೈನ್ ಯಾಕೆ ಕುಡೀಬೇಕು, ಮಾಂಸ ಯಾಕೆ ತಿನ್ಬೇಕು ಅಂತ ಕೇಳ್ಬೋದು ಅನ್ನೋ ಅರ್ಥದಲ್ಲಿ ಹೇಳಿದ್ರು. ಮೇ ತಿಂಗಳಲ್ಲಿ ಬಾರ್ಲಿ ಮೇಲೆ 80.5% ಸುಂಕ, ನಾಲ್ಕು ಕಸಾಯಿಖಾನೆಗಳ ಮಾಂಸಕ್ಕೆ ತಡೆ. ವರ್ಷದ ಕೊನೆಗೆ ಕಲ್ಲಿದ್ದಲು, ಮರ, ಹತ್ತಿ, ಶಾಂಘೈ ಏರ್‌ಪೋರ್ಟಲ್ಲಿ ತಪಾಸಣೆಗೆ ಕಾಯ್ತಾ ಸಿಕ್ಕಿಹಾಕ್ಕೊಂಡ ಜೀವಂತ ಲಾಬ್‌ಸ್ಟರ್. ವೈನ್ ಮೇಲಂತೂ 2021ರ ಮಾರ್ಚ್‌ಗೆ 218% ತನಕ ಸುಂಕ. ಆದ್ರೆ ಕಬ್ಬಿಣದ ಅದಿರು ಮುಟ್ಲಿಲ್ಲ, ಚೀನಾ ಆಮದು ಮಾಡೋ ಅದಿರಲ್ಲಿ ಅರ್ಧಕ್ಕಿಂತ ಜಾಸ್ತಿ ಆಸ್ಟ್ರೇಲಿಯಾದ್ದೇ, ಅದು ನಿಂತ್ರೆ ಅವರ ಉಕ್ಕಿನ ಫ್ಯಾಕ್ಟರಿ ನಿಲ್ತವೆ.

ಆ ಕಲ್ಲಿದ್ದಲಿನ ಕಥೇಲಿ ನಮ್ಮೋರೂ ಇದ್ರು, ಅದನ್ನ ನಮ್ಮಲ್ಲಿ ಬಹಳ ಜನ ಮರೆತೇಬಿಟ್ರು. ಜಗ್ ಆನಂದ್ ಅನ್ನೋ ಭಾರತದ ಹಡಗು ಆಸ್ಟ್ರೇಲಿಯಾ ಕಲ್ಲಿದ್ದಲು ತುಂಬ್ಕೊಂಡು 2020ರ ಜೂನ್‌ನಲ್ಲಿ ಜಿಂಗ್‌ಟಾಂಗ್ ಬಂದರಿಗೆ ಹೋಯ್ತು, ಅದರಲ್ಲಿ 23 ಜನ ಭಾರತೀಯ ನಾವಿಕರು. ಅನಸ್ತಾಸಿಯಾ ಅನ್ನೋ ಇನ್ನೊಂದು ಹಡಗಲ್ಲಿ 16 ಜನ. ಸರಕು ಇಳಿಸೋಕೂ ಬಿಡ್ಲಿಲ್ಲ, ಜನ ಬದಲಾಗೋಕೂ ಬಿಡ್ಲಿಲ್ಲ, ಕೇಳಿದ್ರೆ ಕೋವಿಡ್ ನಿಯಮ. ದಡ ಕಣ್ಣಿಗೆ ಕಾಣತ್ತೆ, ಇಳಿಯೋಂಗಿಲ್ಲ, ಮನೇಲಿ ಹೆಂಡತಿ ಮಕ್ಕಳು ಟೀವಿ ಮುಂದೆ ಅಳ್ತಾ ಕೂತಿದ್ರು. ಜಗ್ ಆನಂದ್ ಕೊನೆಗೆ ಜಪಾನಿನ ಚಿಬಾಗೆ ಹೋಗಿ ಅಲ್ಲಿ ಜನ ಇಳಿದು 2021ರ ಜನವರೀಲಿ ಊರು ಸೇರಿದ್ರು. ಆಸ್ಟ್ರೇಲಿಯಾದ ತನಿಖೆ ಮಾತಿಗೂ ಭಾರತದ ನಾವಿಕನ ಆ ಏಳು ತಿಂಗಳಿಗೂ ಏನು ಸಂಬಂಧ? ನನಗೆ ಈ ವಿಷಯದಲ್ಲಿ ಸಿಟ್ಟು ಬರೋದು ಸುಂಕಕ್ಕಿಂತ ಇಂಥದ್ದಕ್ಕೆ.

ಫಲಿತಾಂಶ? ಬಾರ್ಲಿ ಸೌದಿ ಅರೇಬಿಯಾ ಕಡೆ ಹೋಯ್ತು, ಕಲ್ಲಿದ್ದಲು ಭಾರತ, ಜಪಾನ್ ಕಡೆ ತಿರುಗ್ತು. ಬಾರ್ಲಿ, ಕಲ್ಲಿದ್ದಲು ಎಲ್ಲರಿಗೂ ಬೇಕು, ಚೀನಾ ಬೇಡ ಅಂದ್ರೆ ಬೇರೆಯೋರು ತಗೊಳ್ತಾರೆ. ವೈನಿಗೆ ಹಂಗಾಗ್ಲಿಲ್ಲ. ಅದಕ್ಕೆ ಬ್ರ್ಯಾಂಡ್ ಕಟ್ಬೇಕು, ರುಚಿ ಹಿಡಿಸ್ಬೇಕು, ಚೀನಾಕ್ಕೇ ಅಂತ ದ್ರಾಕ್ಷಿ ಹಾಕಿದೋರು ಬೆಲೆ ಬಿದ್ದು ಬಳ್ಳಿ ಕಿತ್ತುಹಾಕಿದ್ರು. ಬಾರ್ಲಿ ಸುಂಕ ತೆಗೆದಿದ್ದು 2023ರ ಆಗಸ್ಟ್‌ನಲ್ಲಿ, ವೈನ್‌ದು 2024ರ ಮಾರ್ಚ್‌ನಲ್ಲಿ. ಆಸ್ಟ್ರೇಲಿಯಾ ತನ್ನ ನಿಲುವು ಬದಲಾಯಿಸ್ಲಿಲ್ಲ ಅನ್ನೋದನ್ನ ದೇಶದ ಗೆಲುವು ಅಂತ ಬರೀತಾರೆ, ಸರಿ, ಆದ್ರೆ ಆ ಬಳ್ಳಿ ಕಿತ್ತೋನಿಗೆ ಆ ಗೆಲುವು ಮುಟ್ಲಿಲ್ಲ.

ನೀವು ಕೇಳಿದ ಕಾನೂನಿನ ವಿಷಯಕ್ಕೆ ಬರ್ತೀನಿ. ಕಾನೂನು ಇದೆ, ವಿಶ್ವ ವ್ಯಾಪಾರ ಸಂಸ್ಥೆ ಅಂದ್ರೆ ಡಬ್ಲ್ಯೂಟಿಒ ನಿಯಮ ಇದೆ, ಆದ್ರೆ ಅದು ನಡೆಯೋದು ಕಾಗದದ ಮೇಲೆ. ಲಿಥುವೇನಿಯಾ 2021ರ ನವೆಂಬರ್‌ನಲ್ಲಿ ರಾಜಧಾನಿ ವಿಲ್ನಿಯಸ್‌ನಲ್ಲಿ ತೈವಾನ್ ಹೆಸರಲ್ಲೇ ಕಚೇರಿ ತೆರೆಯೋಕೆ ಬಿಟ್ತು. ತೈವಾನ್ ತನ್ನದೇ ಭಾಗ ಅನ್ನೋದು ಚೀನಾದ ವಾದ, ಹಂಗಾಗಿ ಹೆಚ್ಚಿನ ದೇಶಗಳಲ್ಲಿ ಅದನ್ನ ತೈಪೆ ಕಚೇರಿ ಅಂತಾರೆ, ಈ ಒಂದು ಪದಕ್ಕೆ ಜಗಳ. ಡಿಸೆಂಬರ್ ಶುರುವಲ್ಲಿ ಚೀನಾದ ಕಸ್ಟಮ್ಸ್ ಕಂಪ್ಯೂಟರ್‌ನಲ್ಲಿ ದೇಶಗಳ ಪಟ್ಟಿಯಿಂದ ಲಿಥುವೇನಿಯಾ ಅನ್ನೋ ಹೆಸರೇ ಮಾಯ. ನಿಮ್ಮ ಕ್ಲಿಯರಿಂಗ್ ಏಜೆಂಟ್ ಫಾರಂ ತುಂಬೋಕೆ ಕೂತಾಗ ನಿಮ್ಮ ದೇಶವೇ ಅದರಲ್ಲಿ ಇಲ್ಲ ಅಂದ್ರೆ ಏನು ಮಾಡ್ತೀರಿ? ಲಿಥುವೇನಿಯಾದ ರಫ್ತಲ್ಲಿ ಚೀನಾಕ್ಕೆ ಹೋಗ್ತಿದ್ದದ್ದು ನೂರಕ್ಕೆ ಒಂದು ಪಾಲು ಅಷ್ಟೇ, ಅದರಿಂದ ದೇಶ ಬಗ್ಗಲ್ಲ ಅಂತ ಗೊತ್ತಾಗಿ ಜರ್ಮನಿಯ ಕಾಂಟಿನೆಂಟಲ್‌ನಂಥ ಕಂಪನಿಗಳಿಗೆ ಲಿಥುವೇನಿಯಾದ ಬಿಡಿಭಾಗ ಹಾಕ್ಬೇಡಿ ಅನ್ನೋ ಒತ್ತಡ ಹೋಯ್ತು. ಈ ಕೇಸಲ್ಲಿ ನಿಮ್ಮಂಥೋರು ಗಮನಿಸ್ಬೇಕಾದ್ದು ಇದೇ, ಸಪ್ಲೈ ಚೈನ್‌ನಲ್ಲಿ ಮೂರನೇ ಮೆಟ್ಲಲ್ಲಿ ಇರೋನ್ನೂ ಹುಡುಕಿ ಹಿಡಿದ್ರು. ಯುರೋಪಿಯನ್ ಯೂನಿಯನ್ 2022ರ ಜನವರೀಲಿ ಡಬ್ಲ್ಯೂಟಿಒಗೆ ಹೋಯ್ತು, 2024ರ ಜನವರೀಲಿ ಕೇಸ್ ತಡೆಹಿಡೀತು, ಸಾಕ್ಷ್ಯ ತಯಾರು ಮಾಡೋ ಕಷ್ಟದ ಮಾತೂ ಬಂತು. ಸಾಕ್ಷಿ ಹೇಳ್ಬೇಕಾದ ಕಂಪನಿಗಳಿಗೆ ಚೀನಾದಲ್ಲಿ ವ್ಯಾಪಾರ ಇದೆ, ಯಾರು ಬಂದು ಹೇಳ್ತಾರೆ? ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ ಅನ್ನೋ ಧೈರ್ಯ ಆ ಕಡೆಯೋರಿಗೆ.

ಅಮೆರಿಕ ಮಾಡಲ್ವಾ ಅಂತ ನೀವು ಕೇಳ್ಬೋದು, ಮಾಡತ್ತೆ, 2025ರ ಆಗಸ್ಟ್‌ನಲ್ಲಿ ನಮ್ಮ ಮೇಲೇ 50% ಸುಂಕ ಹಾಕಿದ್ರು, ತಿರುಪೂರಿನ ಬನಿಯನ್ ಫ್ಯಾಕ್ಟರಿಗಳಿಗೆ ಅದರ ಬಿಸಿ ಗೊತ್ತು. ನಾವೂ 2020ರ ಜೂನ್‌ನಲ್ಲಿ 59 ಚೀನೀ ಆ್ಯಪ್ ನಿಷೇಧ ಮಾಡಿದ್ವಿ. ನಾನು ಇವನ್ನ ಒಳ್ಳೇದು ಅಂತಿಲ್ಲ. ಆದ್ರೆ ಅವೆಲ್ಲ ಸಹಿ ಹಾಕಿದ ಆದೇಶಗಳು, ಟ್ರಂಪ್ ಸುಂಕದ ವಿರುದ್ಧ ಅಮೆರಿಕದ ಸಣ್ಣ ಕಂಪನಿಗಳೇ ಕೋರ್ಟಿಗೆ ಹೋಗಿ ವಾದ ಮಾಡಿದ್ವು. ಲೋಟೆಯೋರು ಶಾಂಘೈ ಕೋರ್ಟಿಗೆ ಹೋಗಿ ಇದು ಫೈರ್ ಸೇಫ್ಟಿ ಅಲ್ಲ, ಕ್ಷಿಪಣಿ ವಿಷಯ ಅಂತ ವಾದ ಮಾಡೋಕೆ ಆಗ್ತಿತ್ತಾ? ಏಟಿಗಿಂತ ಹೆಚ್ಚು ಹೆದರಿಸೋದು ಇದು.

ಆ ಹೆದರಿಕೆ ಎಲ್ಲಿ ತನಕ ಹೋಗತ್ತೆ ಅಂದ್ರೆ, 2018ರ ಜನವರೀಲಿ ಮ್ಯಾರಿಯಟ್ ಹೋಟೆಲ್‌ನೋರು ಗ್ರಾಹಕರಿಗೆ ಕಳ್ಸಿದ ಒಂದು ಪ್ರಶ್ನಾವಳೀಲಿ ಟಿಬೆಟ್, ತೈವಾನ್, ಹಾಂಗ್‌ಕಾಂಗ್, ಮಕಾವ್ ಎಲ್ಲ ಬೇರೆ ಬೇರೆ ದೇಶ ಅನ್ನೋ ಥರ ಇತ್ತು, ಚೀನಾ ಅವರ ವೆಬ್‌ಸೈಟು, ಆ್ಯಪು ಒಂದು ವಾರ ಬಂದ್ ಮಾಡಿಸ್ತು. ಅಮೆರಿಕದ ನೆಬ್ರಾಸ್ಕಾದಲ್ಲಿ ಕೂತು ಕಂಪನಿಯ ಟ್ವಿಟರ್ ನೋಡ್ಕೊಳ್ತಿದ್ದ ಒಬ್ಬ ನೌಕರ, ಟಿಬೆಟ್ ಪರ ಗುಂಪೊಂದರ ಟ್ವೀಟಿಗೆ ಲೈಕ್ ಒತ್ತಿದ ಅಂತ ಕೆಲಸ ಕಳ್ಕೊಂಡ. ಅದೇ ವರ್ಷ ಏಪ್ರಿಲ್‌ನಲ್ಲಿ ಚೀನಾದ ವಿಮಾನಯಾನ ಇಲಾಖೆ ಹತ್ತಾರು ವಿದೇಶಿ ಏರ್‌ಲೈನ್‌ಗಳಿಗೆ ತೈವಾನನ್ನ ಬೇರೆ ದೇಶ ಅನ್ನೋ ಥರ ತೋರಿಸ್ಬೇಡಿ ಅಂತ ಪತ್ರ ಬರೀತು, ಜುಲೈನಲ್ಲಿ ಏರ್ ಇಂಡಿಯಾ ತನ್ನ ವೆಬ್‌ಸೈಟಲ್ಲಿ ಚೈನೀಸ್ ತೈಪೆ ಅಂತ ತಿದ್ದಿಕೊಂಡ್ತು, ಆಗಿನ್ನೂ ಅದು ಸರ್ಕಾರದ್ದೇ. ಇದು ನಮ್ಮ ಹಳೇ ನಿಲುವಿಗೆ ಹೊಂದತ್ತೆ ಅಂತ ವಿದೇಶಾಂಗ ಇಲಾಖೆ ಹೇಳ್ತು, ಅದು ಸುಳ್ಳಲ್ಲ. ಆದ್ರೆ ನಿಲುವು ಹಳೇದಾದ್ರೆ ವೆಬ್‌ಸೈಟಲ್ಲಿನ ಹೆಸರು ಚೀನಾದ ಪತ್ರ ಬಂದಮೇಲೇ ಯಾಕೆ ಬದಲಾಯ್ತು? ಲೋಟೆಗೆ ಆದ ನಷ್ಟ ಲೆಕ್ಕ ಹಾಕ್ಬೋದು. ಅದನ್ನ ನೋಡಿ ಬಾಯಿ ಮುಚ್ಕೊಂಡೋರು ಎಷ್ಟು ಜನ ಅಂತ ಯಾವ ಲೆಕ್ಕದಲ್ಲೂ ಬರಲ್ಲ, ಚೀನಾಗೆ ಸಿಗೋ ದೊಡ್ಡ ಲಾಭ ಅದು ಅಂತ ನಾನು ನಂಬಿರೋದು.

ಏಟು ತಿಂದಮೇಲೆ ಬುದ್ಧಿವಂತಿಕೆ ತೋರಿಸಿದ್ದು ಯಾರು ಅಂದ್ರೆ ಜಪಾನ್, ಅದೂ ನಿಮ್ಮ ಮ್ಯಾಗ್ನೆಟ್ ವಿಷಯದಲ್ಲೇ. 2010ರ ಸೆಪ್ಟೆಂಬರ್‌ನಲ್ಲಿ ಎರಡೂ ದೇಶ ನಮ್ಮದು ಅನ್ನೋ ಸೆಂಕಾಕು ದ್ವೀಪಗಳ ಹತ್ರ ಚೀನಾದ ಮೀನು ದೋಣಿ ಜಪಾನ್ ಕರಾವಳಿ ಪಡೆಗೆ ಡಿಕ್ಕಿ ಹೊಡೀತು, ಕ್ಯಾಪ್ಟನ್ನನ್ನ ಬಂಧಿಸಿದ್ರು, ಆಮೇಲೆ ಜಪಾನಿಗೆ ರೇರ್ ಅರ್ಥ್ ಬರೋದು ನಿಂತೋಯ್ತು. ಚೀನಾ ಆಗ್ಲೂ ನಾವು ನಿಷೇಧ ಹಾಕೇ ಇಲ್ಲ ಅಂತು. ಜಪಾನಿಗೆ ಆಗ ಬರ್ತಿದ್ದದ್ದರಲ್ಲಿ ನೂರಕ್ಕೆ 90ರಷ್ಟು ಚೀನಾದ್ದೇ. ಅವರು ಬರೀ ಕೂಗಾಡ್ತಾ ಕೂರ್ಲಿಲ್ಲ. ಮಾರನೇ ವರ್ಷ ಆಸ್ಟ್ರೇಲಿಯಾದ ಲೈನಾಸ್ ಅನ್ನೋ ಗಣಿ ಕಂಪನಿಗೆ 25 ಕೋಟಿ ಡಾಲರ್ ಹಾಕಿದ್ರು, ಆಮೇಲೆ ಬೆಲೆ ಕುಸಿದು ಆ ಕಂಪನಿ ಮುಳುಗೋ ಸ್ಥಿತಿಗೆ ಬಂದಾಗ್ಲೂ ಕೈಬಿಡ್ದೆ ಸಾಲದ ಕಂತು ಸಡಿಲ ಮಾಡಿದ್ರು, ಕಡಿಮೆ ಡಿಸ್ಪ್ರೋಸಿಯಂ ಬೇಡೋ ಮ್ಯಾಗ್ನೆಟ್ ಕಂಡುಹಿಡಿಯೋಕೆ ದುಡ್ಡು ಸುರಿದ್ರು. ಹತ್ತು ವರ್ಷ ಕಳೆಯೋ ಹೊತ್ತಿಗೆ ಅವಲಂಬನೆ 60% ಆಸುಪಾಸಿಗೆ ಇಳೀತು. ಇಷ್ಟೆಲ್ಲ ಮಾಡಿದ್ರೂ ಡಿಸ್ಪ್ರೋಸಿಯಂನಂಥ ಭಾರದ ಲೋಹಗಳಿಗೆ ಚೀನಾ ಬಿಟ್ಟು ದಾರಿ ಇರ್ಲಿಲ್ಲ, ಲೈನಾಸ್ ಮಲೇಷ್ಯಾದಲ್ಲಿ ಅದನ್ನ ತೆಗೆಯೋಕೆ ಶುರು ಮಾಡಿದ್ದೇ 2025ರ ಮೇನಲ್ಲಿ. ಹದಿನೈದು ವರ್ಷ ಹಿಡೀತು.

ನಮ್ಮ ಕಥೆ ಈಗ ಶುರು ಆಗಿದೆ. ಕೇರಳ, ಒಡಿಶಾ ಕಡಲ ಮರಳಲ್ಲಿ ಮೊನಜೈಟ್ ಅನ್ನೋ ರೇರ್ ಅರ್ಥ್ ಖನಿಜ ಇದೆ, ಸರ್ಕಾರಿ ಕಂಪನಿ ಐಆರ್‌ಇಎಲ್ ಅದನ್ನ ತೆಗೆಯತ್ತೆ, ಆದ್ರೆ ಅದರಿಂದ ಮ್ಯಾಗ್ನೆಟ್ ಮಾಡೋ ತನಕದ ನಡುವಿನ ಮೆಟ್ಲುಗಳೇ ನಮ್ಮಲ್ಲಿ ಗಟ್ಟಿ ಇರ್ಲಿಲ್ಲ, ಆ ತಂತ್ರಜ್ಞಾನ ಹೊರಗೆ ಕೊಡೋದನ್ನ ಚೀನಾ 2023ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ. 2025ರ ನವೆಂಬರ್‌ನಲ್ಲಿ ಕೇಂದ್ರ 7,280 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಡ್ತು, ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಗುರಿ. ಒಳ್ಳೇ ಹೆಜ್ಜೆ, ಆದ್ರೆ ನಿಮ್ಮ ಆರ್ಡರ್‌ಗೆ ಅದು ನಾಳೆ ಬರಲ್ಲ. ಚೀನಾ 2025ರ ಅಕ್ಟೋಬರ್‌ನಲ್ಲಿ ಹಾಕಿದ ಇನ್ನೂ ಬಿಗಿ ನಿಯಮವನ್ನ ಟ್ರಂಪ್ ಜೊತೆ ಮಾತುಕತೆ ಆದಮೇಲೆ ಒಂದು ವರ್ಷ ಮುಂದಕ್ಕೆ ಹಾಕ್ತು. ಆದ್ರೆ ಏಪ್ರಿಲ್‌ದನ್ನ ಹಿಂದಕ್ಕೆ ತಗೊಳ್ಲಿಲ್ಲ, ಇದನ್ನ ಬಹಳ ಜನ ಕಲಸಿಬಿಟ್ಟಿದಾರೆ, ನೀವು ಕಲಸ್ಬೇಡಿ.

ನಿಮ್ಮ ಮಟ್ಟಕ್ಕೆ ಹೇಳೋದಾದ್ರೆ, ಮೊದಲು ನಿಮ್ಮ ಮ್ಯಾಗ್ನೆಟ್ ಗ್ರೇಡ್ ಯಾವ್ದು, ಅದರಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಎಷ್ಟಿದೆ ಅಂತ ಸಪ್ಲೈಯರ್ ಹತ್ರ ಟೆಸ್ಟ್ ರಿಪೋರ್ಟ್ ಸಮೇತ ಬರೆಸ್ಕೊಳ್ಳಿ. ಹೆಚ್ಚು ಬಿಸಿ ತಡೆಯೋ ಎಸ್‌ಎಚ್, ಯುಎಚ್ ಗ್ರೇಡ್ ಬೇಕೇ ಬೇಕಾ, ಅಥವಾ ಮೋಟಾರ್ ಸ್ವಲ್ಪ ತಂಪಾಗಿ ಓಡೋಂಗೆ ಡಿಸೈನ್ ಬದಲಿಸಿದ್ರೆ ಕೆಳಗಿನ ಗ್ರೇಡ್ ನಡಿಯತ್ತಾ ಅಂತ ನಿಮ್ಮ ಪಾರ್ಟಿಯ ಎಂಜಿನಿಯರ್ ಜೊತೆ ಕೂತು ಮಾತಾಡಿ, ಕೆಲವು ಮಾಡೆಲ್‌ಗೆ ರೇರ್ ಅರ್ಥ್ ಬೇಡದ ಫೆರೈಟ್ ಮ್ಯಾಗ್ನೆಟ್ ಆಗತ್ತೆ, ಆದ್ರೆ ತೂಕ ಜಾಸ್ತಿ ಆಗತ್ತೆ, ಮ್ಯಾಗ್ನೆಟ್ಟೇ ಬೇಡದ ರಿಲಕ್ಟೆನ್ಸ್ ಮೋಟಾರ್ ಮೇಲೆ ಬೆಂಗಳೂರಲ್ಲೇ ಕೆಲಸ ನಡೀತಿದೆ. ಕೋಟಿಂಗ್ ಚೆನ್ನಾಗಿದ್ದು ತೇವ ತಾಗದಂಗೆ ಇಟ್ರೆ ಮ್ಯಾಗ್ನೆಟ್ ಕೆಡಲ್ಲ, ಕೈಲಾದ್ರೆ ಒಂದೆರಡು ತಿಂಗಳ ಸ್ಟಾಕ್ ಇಡಿ, ಅಸೋಸಿಯೇಷನ್‌ನಲ್ಲಿ ನಾಲ್ಕು ಜನ ಸೇರಿ ತಂದ್ರೆ ಬಡ್ಡಿ ಹೊರೆ ಹಂಚಿಹೋಗತ್ತೆ. ಮುಂದಿನ ಪರ್ಚೇಸ್ ಆರ್ಡರ್‌ಗೆ ಸಹಿ ಹಾಕೋ ಮುಂಚೆ, ವಿದೇಶಿ ಸರ್ಕಾರದ ರಫ್ತು ತಡೆಯಿಂದ ಆಗೋ ವಿಳಂಬಕ್ಕೆ ಪೆನಾಲ್ಟಿ ಇಲ್ಲ ಅನ್ನೋ ಒಂದು ಸಾಲು ಸೇರಿಸ್ಕೊಳ್ಳಿ, ಹೋದ ಸಲ ನಿಮಗೆ ಲೇಟ್ ಪೆನಾಲ್ಟಿ ಬಿದ್ದಿದ್ರೆ ಈ ಸಾಲಿನ ಬೆಲೆ ಗೊತ್ತಿರತ್ತೆ. ಮತ್ತೆ ಯಾರಾದ್ರೂ ಮೂರನೇ ದೇಶದಿಂದ, ಬೇರೆ ಎಚ್‌ಎಸ್ ಕೋಡ್‌ನಲ್ಲಿ (ಕಸ್ಟಮ್ಸ್‌ನಲ್ಲಿ ಸರಕು ಗುರುತಿಸೋ ನಂಬರ್) ತರಿಸ್ಕೊಡ್ತೀನಿ ಅಂತ ಬಂದ್ರೆ ದಯವಿಟ್ಟು ಬೇಡ ಅನ್ನಿ, ಸಿಕ್ಕಿಬಿದ್ರೆ ಆ ಕಡೆ ಲೈಸೆನ್ಸ್ ಹೋಗತ್ತೆ, ಈ ಕಡೆ ನಮ್ಮ ಕಸ್ಟಮ್ಸ್ ಕೇಸ್ ಆಗತ್ತೆ. ಎಷ್ಟು ದಿನ ಕನ್ಸೈನ್ಮೆಂಟ್ ನಿಂತಿತ್ತು, ಯಾರು ಯಾವ ಕಾರಣ ಹೇಳಿದ್ರು, ಎಷ್ಟು ನಷ್ಟ ಆಯ್ತು ಅನ್ನೋದೆಲ್ಲ ತಾರೀಕು ಹಾಕಿ ಬರೆದು ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾಗೆ ಒಂದು ಕಾಪಿ, ದೆಹಲಿಯ ವಾಣಿಜ್ಯ ಇಲಾಖೆಗೆ ಒಂದು ಕಾಪಿ ಈ ವಾರವೇ ಕಳ್ಸಿ.